ಮನಸ್ಸಿಗೆ ಬಿದ್ದ ಪೆಟ್ಟು ಪೆಟ್ಟಲ್ಲವೆ?

೧

ಕಾಲು ಮುರಿದು ಮಲಗಿದವನನ್ನು ನೋಡಲು ಬಂದವರಲ್ಲಿ ಒಬ್ಬರಾದರೂ, “ಅಯ್ಯಾ, ಕೊಂಚ ಧೈರ್ಯ ತಂದುಕೊಂಡು ಎದ್ದು ಓಡಬಾರದೆ?” ಎಂದು ಕೇಳುವುದಿಲ್ಲ. ಕಣ್ಣಿಗೆ ಏಟು ತಗುಲಿ ಪಟ್ಟಿ ಕಟ್ಟಿಸಿಕೊಂಡಿರುವವನಿಗೆ, “ನಿಮ್ಮ ತಾತನವರು ಇದಕ್ಕಿಂತ ದೊಡ್ಡ ಏಟು ತಿಂದೂ ಪಂಚಾಂಗ ಓದುತ್ತಿದ್ದರು” ಎಂದು ಬುದ್ಧಿ ಹೇಳುವ ಬಂಧುಗಳೂ ಇಲ್ಲ. ಆದರೆ ಜೊತೆಗಾರನು ಕಾದ ಲೋಹಕ್ಕೆ ಸಿಕ್ಕಿ ಬೆಂದುದನ್ನು ಕಣ್ಣಾರೆ ಕಂಡು, ಆರು ತಿಂಗಳಿಂದ ರೆಪ್ಪೆ ಮುಚ್ಚಲಾರದೆ ಇರುವವನಿಗೆ ಈ ಎರಡು ಬಗೆಯ ಮಾತುಗಳೂ ದಿನಂಪ್ರತಿ ಧಾರಾಳವಾಗಿ ದೊರೆಯುತ್ತವೆ. ಅವನ ಮೈಮೇಲೆ ಗಾಯವಿಲ್ಲ; ಗಾಯವಿಲ್ಲವಾದುದರಿಂದ ನೋವಿಲ್ಲ; ನೋವಿಲ್ಲವಾದುದರಿಂದ ಅವನು ಹೇಳುವುದು ಒಂದೋ ಸೋಗು, ಇಲ್ಲವೆ ಹೇಡಿತನ. ಹೀಗೆ ಮೂರೇ ಹೆಜ್ಜೆಗಳಲ್ಲಿ ವಿಚಾರಣೆಯೂ ತೀರ್ಪೂ ಮುಗಿದುಹೋಗುತ್ತವೆ.

ಅಕ್ಷರವರಿಯದವರ ಮನೆಗಳಲ್ಲಿ ಈ ತರ್ಕವು ನಡೆಯುತ್ತಿದ್ದರೆ ಅಷ್ಟು ಆಶ್ಚರ್ಯಪಡಬೇಕಾಗಿರಲಿಲ್ಲ. ನ್ಯಾಯಶಾಸ್ತ್ರದಲ್ಲಿ ನಾಲ್ಕು ಪಾಠವಾದವರ ಮನೆಗಳಲ್ಲಿಯೂ, ಕಾಲೇಜಿನ ಪದವಿ ಪಡೆದವರ ಮನೆಗಳಲ್ಲಿಯೂ ಇದು ನಡೆಯುತ್ತಿರುವುದು ವಿಷಾದದ ಸಂಗತಿ. ಕಣ್ಣಿಗೆ ಕಾಣದುದು ಇಲ್ಲವೇ ಇಲ್ಲವೆನ್ನುವುದು ಚಾರ್ವಾಕರ ಮತವೆಂದು ಈ ಮಹನೀಯರೇ ಬೇರೆ ಸಮಯದಲ್ಲಿ ಖಂಡಿಸುವರು. ಆತ್ಮವು ಕಾಣದಿದ್ದರೂ ಉಂಟೆನ್ನುವವರು, ಮನಸ್ಸಿನ ಗಾಯವು ಕಾಣದಿದ್ದರೆ ಮಾತ್ರ ಇಲ್ಲವೆನ್ನುವುದು ಯಾವ ಪ್ರಮಾಣದಿಂದಲೋ ತಿಳಿಯದು. ಈ ಮತವು ಶಾಸ್ತ್ರಕ್ಕೂ, ಅನುಭವಕ್ಕೂ, ಈಗ ದೇಶದ ಕಾಯಿದೆಗೂ ವಿರುದ್ಧವಾದುದೆಂದು ತೋರಿಸುವುದು ಅವಶ್ಯವಾಗಿದೆ.

೨

೨೦೨೧ನೆಯ ಇಸವಿ ಜನವರಿ ೨೧ನೆಯ ತಾರೀಖು ಗುರುವಾರ ರಾತ್ರಿ ಹತ್ತು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ನಡೆದುದನ್ನು ಈ ಜಿಲ್ಲೆಯವರು ಮರೆತಿರಲಾರರು. ಶಿವಮೊಗ್ಗೆಗೆ ಕೆಲವೇ ಮೈಲಿಗಳ ದೂರದಲ್ಲಿರುವ ಹುಣಸೋಡು ಗ್ರಾಮದ ಕಲ್ಲುಗಣಿಯ ಬಳಿ, ಬಂಡೆಯೊಡೆಯುವ ಸಿಡಿಮದ್ದನ್ನು ಹೇರಿಕೊಂಡು ಬಂದಿದ್ದ ಲಾರಿಯು ಸಿಡಿಯಿತು. ಅಲ್ಲಿದ್ದವರಲ್ಲಿ ಐದು ಮಂದಿಗೆ ಕಡಮೆಯಿಲ್ಲದಷ್ಟು ಜನ ಸತ್ತರು, ದೇಹಗಳು ಛಿದ್ರವಾಗಿದ್ದವು. ಆ ಶಬ್ದವೂ ಅದುರೂ ಶಿವಮೊಗ್ಗೆಯ ಬೀದಿಗಳನ್ನೂ ಭದ್ರಾವತಿಯನ್ನೂ ದಾಟಿ, ನೆರೆಯ ಚಿಕ್ಕಮಗಳೂರು ಮತ್ತು ದಾವಣಗೆರೆ ಜಿಲ್ಲೆಗಳವರೆಗೆ ಮುಟ್ಟಿದುವು. ಕಿಟಕಿಯ ಗಾಜುಗಳು ಒಡೆದುವು, ಗೋಡೆಗಳು ಬಿರುಕುಬಿಟ್ಟುವು. ಭೂಕಂಪವಾಯಿತೆಂದು ಭಾವಿಸಿ ಜನರು ಮನೆಬಿಟ್ಟು ಬೀದಿಗೆ ಓಡಿಬಂದರು. ಸರ್ಕಾರವು ಮೃತರ ಕುಟುಂಬಗಳಿಗೆ ತಲಾ ೫ ಲಕ್ಷ ರೂಪಾಯಿಗಳ ಪರಿಹಾರವನ್ನು ಘೋಷಿಸಿ ತನಿಖೆಗೆ ಆಜ್ಞೆ ಮಾಡಿತು. ಇವೆಲ್ಲ ಸರಿಯೇ.

ಆದರೆ ವಾಚಕರು ಒಂದು ಸಂಗತಿಯನ್ನು ವಿಚಾರಿಸಬೇಕು. ಇಂತಹ ಅನಾಹುತವಾದ ಮರುದಿನ ಬರೆಯುವ ಮಹಜರಿನಲ್ಲಿ ಸತ್ತವರಿಗೆ ಒಂದು ಅಂಕಣವಿರುತ್ತದೆ, ಗಾಯಗೊಂಡವರಿಗೆ ಒಂದು, ಬಿರುಕುಬಿಟ್ಟ ಗೋಡೆಗೆ ಒಂದು, ಒಡೆದ ಹೆಂಚಿಗೆ ಒಂದು. ಆ ರಾತ್ರಿಯಿಂದ ಬಾಗಿಲು ಬಡಿದರೆ ಸಾಕು ಬೆಚ್ಚಿ ಕಿರುಚುವ ಮಗುವಿಗೆ ಅಂಕಣವೆಲ್ಲಿ? ಸಂಜೆಯಾದೊಡನೆ ಎದೆ ಹೊಡೆದುಕೊಂಡು, ಮನೆಯೊಳಗೆ ಮಲಗಲಾರದೆ ಜಗಲಿಯಲ್ಲಿ ಕುಳಿತು ಬೆಳಗು ಮಾಡುವ ಗೃಹಿಣಿಗೆ ಅಂಕಣವೆಲ್ಲಿ? ಚೂರುಗಳನ್ನು ಆರಿಸಿ ತಂದು ಗೋಣಿಯಲ್ಲಿ ಕಟ್ಟಿದ ಕೂಲಿಯಾಳು, ಆ ಚೂರುಗಳನ್ನು ಗುರುತಿಸಬೇಕಾಗಿ ಬಂದ ತಂದೆ, ಇವರಿಗೆ ಅಂಕಣವೆಲ್ಲಿ? ಗೋಡೆಗೆ ಬಿದ್ದ ಬಿರುಕನ್ನು ಅಂಗುಲಗಳಲ್ಲಿ ಅಳೆಯುವ ಆಡಳಿತವು ಮನುಷ್ಯನಿಗೆ ಬಿದ್ದ ಬಿರುಕನ್ನು ಕೇಳುವುದೇ ಇಲ್ಲ. ಗೋಡೆಗಾದರೆ ಮಣ್ಣು ಮೆತ್ತಿ ಸುಣ್ಣ ಬಳಿದರೆ ಆಯಿತು. ಇದಕ್ಕೆ ಏನು ಬಳಿಯುವುದು?

ಈ ಬಿರುಕಿನ ಸ್ವರೂಪವನ್ನು ವೈದ್ಯರು ಈಗ ಚೆನ್ನಾಗಿ ಬಲ್ಲರು. ಪ್ರಾಣಾಪಾಯವು ಎದುರಾದಾಗ ದೇಹವು ಬುದ್ಧಿಯ ಅಪ್ಪಣೆಗೆ ಕಾಯುವುದಿಲ್ಲ. ಹೃದಯವು ವೇಗವಾಗಿ ಬಡಿಯುತ್ತದೆ, ಬಾಯಿ ಒಣಗುತ್ತದೆ, ಮಾಂಸಖಂಡಗಳು ಬಿಗಿಯುತ್ತವೆ. ಓಡಲಿಕ್ಕೋ ಹೋರಾಡಲಿಕ್ಕೋ ಬೇಕಾದ ರಸಗಳು ರಕ್ತದಲ್ಲಿ ಹರಿಯುತ್ತವೆ. ಅಪಾಯವು ಕಳೆದ ಮೇಲೆ ಈ ಎಚ್ಚರಿಕೆಯ ಗಂಟೆಯು ತಾನಾಗಿ ನಿಲ್ಲಬೇಕು. ಬಹುಮಂದಿಯಲ್ಲಿ ಕೆಲವು ವಾರಗಳೊಳಗೆ ನಿಂತೂ ಹೋಗುತ್ತದೆ. ಕೆಲವರಲ್ಲಿ ಮಾತ್ರ ನಿಲ್ಲುವುದಿಲ್ಲ. ಆಗ ನಾಲ್ಕು ಬಗೆಯ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ನಡೆದುದು ನೆನಪಾಗಿ ಬರದೆ, ಈಗಲೇ ನಡೆಯುತ್ತಿರುವಂತೆ ಕಣ್ಣಮುಂದೆಯೂ ಸ್ವಪ್ನದಲ್ಲಿಯೂ ಬಂದು ನಿಲ್ಲುವುದು ಮೊದಲನೆಯದು. ಅದನ್ನು ನೆನಪಿಸುವ ಸ್ಥಳ, ಶಬ್ದ, ಮನುಷ್ಯರಿಂದ ದೂರವಾಗುವುದು ಎರಡನೆಯದು. ಹೆಂಡತಿಮಕ್ಕಳಲ್ಲಿಯೂ ಪ್ರೀತಿ ಬತ್ತಿದಂತಾಗಿ, ತನ್ನದೇ ತಪ್ಪೆಂದು ಕೊರಗುವುದು ಮೂರನೆಯದು. ಸಣ್ಣ ಶಬ್ದಕ್ಕೆ ಬೆಚ್ಚುವುದು, ಕೋಪ, ನಿದ್ರಾನಾಶ ನಾಲ್ಕನೆಯದು. ಇವು ಒಂದು ತಿಂಗಳು ಮೀರಿ ನಿಂತು, ಕೆಲಸಕಾರ್ಯಗಳನ್ನು ಕೆಡಿಸಿದರೆ ಅದು ರೋಗವೆಂದು ನಿರ್ಣಯ. ಇದರಲ್ಲಿ ಹೇಡಿತನದ ಮಾತು ಎಲ್ಲಿಂದ ಬಂದಿತು? ಜ್ವರ ಬಂದವನನ್ನು ಮೈಯೇಕೆ ಬಿಸಿಮಾಡಿಕೊಂಡೆಯೆಂದು ಗದರಿಸುವವರುಂಟೆ?

೩

ಇದಕ್ಕೆ ಎದುರು ಹೇಳುವವರ ಮೊದಲನೆಯ ಪೂರ್ವಪಕ್ಷವು ಹೀಗಿದೆ: “ಇದೆಲ್ಲ ಪಶ್ಚಿಮದವರ ಹೊಸ ಸರಕು. ನಮ್ಮಲ್ಲಿ ಇಂತಹ ರೋಗವೇ ಇರಲಿಲ್ಲ; ಅವರ ಪುಸ್ತಕ ಬಂದ ಮೇಲೆ ರೋಗವೂ ಬಂದಿತು.”

ಹೀಗೆನ್ನುವವರು ತಮ್ಮ ಮನೆಯ ಗ್ರಂಥಗಳನ್ನಾದರೂ ತೆರೆದು ನೋಡಿರುವರೆ? ಸುಶ್ರುತಸಂಹಿತೆಯು ಶಸ್ತ್ರವೈದ್ಯದ ಗ್ರಂಥವೆಂಬುದು ಸರ್ವವಿದಿತ. ಅದರ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿಯೇ, ಹೊರಗಿನಿಂದ ಬಂದೆರಗುವ ಆಗಂತು ರೋಗಗಳು ಎರಡು ರೀತಿಯಲ್ಲಿ ಬೀಳುವುವೆಂದೂ, ಕೆಲವು ಶರೀರದ ಮೇಲೆ, ಕೆಲವು ಮನಸ್ಸಿನ ಮೇಲೆ ಬೀಳುವುವೆಂದೂ, ಆದುದರಿಂದ ಚಿಕಿತ್ಸೆಯೂ ಎರಡು ಬಗೆಯಾಗಬೇಕೆಂದೂ ಹೇಳಿದೆ. ಕತ್ತಿ ಹಿಡಿದು ಬಾವು ಕೊಯ್ಯುತ್ತಿದ್ದ ಆಚಾರ್ಯನಿಗೆ ಮನಸ್ಸಿಗೂ ಪೆಟ್ಟು ಬೀಳುವುದೆಂದು ತಿಳಿದಿತ್ತು. ಇಂದಿನ ನಾಗರಿಕರಿಗೆ ತಿಳಿಯದು! ಚರಕಸಂಹಿತೆಯು ಆಗಂತು ಜ್ವರವನ್ನು ವಿಭಾಗಿಸುವಾಗ ಏಟಿನಿಂದಾದ ಅಭಿಘಾತವನ್ನೂ, ಭಯಶೋಕಾದಿಗಳಿಂದಾದ ಅಭಿಷಂಗವನ್ನೂ ಒಂದೇ ಸಾಲಿನಲ್ಲಿ ಎಣಿಸಿದೆ. ಭಯಶೋಕಗಳಿಂದಾದುದಕ್ಕೆ ಚಿಕಿತ್ಸೆಯನ್ನು ವಿಧಿಸುವಾಗ ಮೊದಲು ಹೇಳಿದುದು ಕಷಾಯವನ್ನಲ್ಲ, ಆಶ್ವಾಸನೆಯನ್ನು. ಧೈರ್ಯ ತಂದುಕೊಳ್ಳೆಂದು ಗದರಿಸುವುದು ಆಶ್ವಾಸನೆಯಲ್ಲವೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ವೈದ್ಯಗ್ರಂಥಗಳು ಹಾಗಿರಲಿ. ಮನೆಮನೆಯಲ್ಲಿ ಪಾರಾಯಣ ನಡೆಯುವ ಶ್ರೀಮದ್ರಾಮಾಯಣದ ಅರಣ್ಯಕಾಂಡವನ್ನು ನೋಡಬಹುದು. ಸೀತಾಪಹರಣಕ್ಕೆ ಸಹಾಯ ಕೇಳಲು ರಾವಣನು ಮಾರೀಚನ ಬಳಿಗೆ ಬರುತ್ತಾನೆ. ಮಾರೀಚನು ಸಾಮಾನ್ಯನಲ್ಲ, ಋಷಿಗಳನ್ನು ನಡುಗಿಸಿದ ಮಹಾಬಲಶಾಲಿಯಾದ ರಾಕ್ಷಸ. ಅವನು ಒಮ್ಮೆ ವಿಶ್ವಾಮಿತ್ರರ ಯಜ್ಞದಲ್ಲಿ ರಾಮಬಾಣದ ಪೆಟ್ಟಿಗೆ ಸಮುದ್ರದಲ್ಲಿ ಹೋಗಿ ಬಿದ್ದಿದ್ದನು. ಮತ್ತೊಮ್ಮೆ ದಂಡಕಾರಣ್ಯದಲ್ಲಿ ಮೃಗರೂಪದಿಂದ ಇಬ್ಬರು ಜೊತೆಗಾರರೊಡನೆ ರಾಮನ ಮೇಲೆ ಬಿದ್ದಾಗ, ಜೊತೆಗಾರರಿಬ್ಬರೂ ಸತ್ತು ಇವನೊಬ್ಬನೇ ತಪ್ಪಿಸಿಕೊಂಡನು. ಆ ಎರಡನೆಯ ಸಲ ಇವನಿಗೆ ಬಾಣವೇ ತಾಗಲಿಲ್ಲವೆಂಬುದನ್ನು ಗಮನಿಸಬೇಕು. ಆದರೂ ಅಂದಿನಿಂದ ಅವನಿಗೆ ಮರಮರದಲ್ಲಿಯೂ ಬಿಲ್ಲು ಹಿಡಿದ ರಾಮನು ಕಾಣುತ್ತಾನೆ. ಕಾಡೆಲ್ಲ ರಾಮಮಯವಾಗಿ ತೋರುತ್ತದೆ. ಸ್ವಪ್ನದಲ್ಲಿ ಕಂಡು ಬೆಚ್ಚಿ ಏಳುತ್ತಾನೆ. ರತ್ನ, ರಥ ಎಂಬ ಮಾತುಗಳನ್ನು ಕೇಳಿದರೂ, ರಕಾರದಿಂದ ಮೊದಲಾಗುವುದರಿಂದ, ನಡುಗುತ್ತಾನೆ. ಮೇಲೆ ಎಣಿಸಿದ ವೈದ್ಯರ ಲಕ್ಷಣಗಳಲ್ಲಿ ಮುಖ್ಯವಾದುವು ಇಲ್ಲಿ ಉಂಟೋ ಇಲ್ಲವೋ ವಾಚಕರೇ ಹೇಳಲಿ. ಇದನ್ನು ಬರೆದ ವಾಲ್ಮೀಕಿಗಳು ಯಾವ ಪಶ್ಚಿಮದ ಪುಸ್ತಕವನ್ನು ಓದಿದ್ದರು?

ಇದಕ್ಕೆ ರಾವಣನು ಕೊಟ್ಟ ಉತ್ತರವೂ ಸ್ಮರಣೀಯವಾದುದು. ಇದೆಲ್ಲ ವ್ಯರ್ಥಪ್ರಲಾಪವೆಂದನು, ಅರ್ಧರಾಜ್ಯದ ಆಸೆ ತೋರಿಸಿದನು, ಒಪ್ಪದಿದ್ದರೆ ಕೊಲ್ಲುವೆನೆಂದನು. ಮಾರೀಚನು ತಾನು ಸಾಯುವೆನೆಂದು ತಿಳಿದೇ ಹೊರಟನು. ಹೆದರಿದವನನ್ನು ಹೆದರಿಕೆಯ ಬಾಯಿಗೇ ನೂಕಿದರೆ ಗುಣವಾಗುವನೆಂದು ಇಂದು ಹೇಳುವವರು, ತಾವು ಯಾರ ಪಾಠವನ್ನು ಒಪ್ಪಿಸುತ್ತಿರುವೆವೆಂಬುದನ್ನು ಯೋಚಿಸಬೇಕು.

೪

ಎರಡನೆಯ ಪೂರ್ವಪಕ್ಷ: “ಹಿಂದಿನವರು ಪ್ಲೇಗು ಕಂಡರು, ಕ್ಷಾಮ ಕಂಡರು, ಊರಿಗೆ ಊರೇ ಮುಳುಗಿದುದನ್ನು ಕಂಡರು. ಎಲ್ಲವನ್ನೂ ಸಹಿಸಿದರು. ಈಗಿನವರು ಮೆತ್ತಗಾಗಿದ್ದಾರೆ.”

ಸಹಿಸಿದವರ ಕಥೆಗಳು ಮಾತ್ರ ಉಳಿದುಬಂದುವು. ಸಹಿಸಲಾರದವರು ಕೆರೆಬಾವಿಗಳ ಪಾಲಾದರು, ಇಲ್ಲವೆ ಹೆಂಡದಂಗಡಿಯ ಪಾಲಾದರು. ಅವರ ಕಥೆಯನ್ನು ಮೊಮ್ಮಕ್ಕಳಿಗೆ ಯಾರೂ ಹೇಳಲಿಲ್ಲ. ಅವಮಾನವೆಂದು ಮುಚ್ಚಿಟ್ಟುದನ್ನೇ ಇಲ್ಲವೆಂದು ಸಾಧಿಸುವುದು ಸಾಹಸವಲ್ಲವೆ? ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿದುದು ೧೯೬೪ರಲ್ಲಿ ಮುಗಿಯಿತು. ತಲೆಮಾರುಗಳಿಂದ ಉತ್ತು ಬಿತ್ತಿದ ಗದ್ದೆ, ತೋಟ, ಮನೆ, ದೇವರ ಗುಡಿಗಳನ್ನು ನೀರಿಗೆ ಬಿಟ್ಟು ಸಹಸ್ರಾರು ಕುಟುಂಬಗಳು ಎದ್ದು ಹೋದುವು. ಇದೇ ಜಿಲ್ಲೆಯ ಬೇರೆ ಕಾಡುಗಳಂಚಿನಲ್ಲಿ ಹೊಸದಾಗಿ ನೆಲೆಯೂರಿದುವು. ದೀಪ ಹತ್ತಿದ ಊರುಗಳು ಆ ದೀಪದ ಬೆಲೆಯನ್ನು ತೆತ್ತವರನ್ನು ಕೇಳಲಿಲ್ಲ. ಸಾಗರದ ಕಾದಂಬರಿಕಾರರಾದ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ಗಳನ್ನು ಬರೆಯದಿದ್ದರೆ ಆ ಜನರ ಅಂತರಂಗದಲ್ಲಿ ಏನಾಯಿತೆಂಬುದು ಓದುಗರಿಗೆ ತಿಳಿಯುತ್ತಲೇ ಇರಲಿಲ್ಲ. ಸರ್ಕಾರದ ಕಡತದಲ್ಲಿರುವುದು ಮುಳುಗಿದ ಎಕರೆಗಳ ಲೆಕ್ಕ. ಮುಳುಗಿದ ಮನಸ್ಸುಗಳ ಲೆಕ್ಕವು ಕಾದಂಬರಿಯಲ್ಲಿ ಮಾತ್ರ ಸಿಕ್ಕುತ್ತದೆ.

ಹಿಂದಿನವರು ಈ ಪೆಟ್ಟನ್ನು ಅರಿತೇ ಇರಲಿಲ್ಲವೆನ್ನುವುದೂ ಸುಳ್ಳು. ಕನ್ನಡ ನುಡಿಯೇ ಸಾಕ್ಷಿಯಾಗಿದೆ. ಎದೆಯೊಡೆಯಿತು, ಜೀವ ಹಾರಿಹೋಯಿತು, ಕರುಳು ಕಿತ್ತುಬಂದಿತು ಎಂಬ ಮಾತುಗಳು ಅಂಗಾಂಗಗಳನ್ನು ಹೆಸರಿಸಿಯೇ ಮನಸ್ಸಿನ ಗಾಯವನ್ನು ಹೇಳುತ್ತವೆ. ಬೆಚ್ಚಿದ ಮಗುವಿಗೆ ಅಜ್ಜಿಯರು ಅಂತ್ರ ಕಟ್ಟಿಸುತ್ತಿದ್ದರು. ಅದರಲ್ಲಿ ಔಷಧದ ಗುಣವಿತ್ತೆಂದು ಯಾರೂ ಹೇಳುವುದಿಲ್ಲ. ಆದರೆ ಮಗುವಿಗೆ ಏನೋ ಆಗಿದೆಯೆಂದು ಅಜ್ಜಿ ಒಪ್ಪಿದ್ದಳು, ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಇಂದಿನವರು ಅಂತ್ರವನ್ನು ಮೂಢನಂಬಿಕೆಯೆಂದು ಕಿತ್ತರು. ಅದರೊಡನೆ ಮಡಿಲನ್ನೂ ಕಿತ್ತುಕೊಂಡರು. ಬದಲಿಗೆ ವೈದ್ಯನ ಬಳಿಗೆ ಕರೆದೊಯ್ದರೆ? ಅದೂ ಇಲ್ಲ. ಹುಚ್ಚೆಂಬ ಹೆಸರು ಬರುವುದೆಂದು, ಮಗಳ ಮದುವೆ ನಿಲ್ಲುವುದೆಂದು ಅಂಜಿಕೆ. ಹೀಗೆ ಹಳೆಯದೂ ಹೋಯಿತು, ಹೊಸದೂ ಬರಲಿಲ್ಲ.

೫

ಮೂರನೆಯ ಪೂರ್ವಪಕ್ಷವು ಹೆಚ್ಚು ಕಠಿನವಾದುದು: “ಕಾಣದ ನೋವನ್ನು ಒಪ್ಪಿದರೆ ಕೆಲಸಗಳ್ಳರೆಲ್ಲರೂ ನೋವೆನ್ನುವರು. ಪರಿಹಾರದ ಹಣಕ್ಕಾಗಿ ಸೋಗು ಹಾಕುವರು.”

ಈ ಮಾತು ಹೊಸದಲ್ಲ. ಇಂಗ್ಲೆಂಡಿನಲ್ಲಿ ಉಗಿಬಂಡಿಗಳು ಡಿಕ್ಕಿ ಹೊಡೆಯತೊಡಗಿದ ಕಾಲದಲ್ಲಿ, ಮೈಮೇಲೆ ಗಾಯವಿಲ್ಲದ ಪ್ರಯಾಣಿಕರು ನಿದ್ರೆಯಿಲ್ಲದೆ, ನಡುಗುತ್ತ, ಕೆಲಸಮಾಡಲಾರದೆ ಹೋದರು. ಎರಿಕ್‌ಸನ್ ಎಂಬ ಶಸ್ತ್ರವೈದ್ಯನು ೧೮೬೬ರಲ್ಲಿ ಇದನ್ನು ಕುರಿತು ಉಪನ್ಯಾಸಗಳನ್ನು ಪ್ರಕಟಿಸಿ, ಬೆನ್ನುಹುರಿಯಲ್ಲಿ ಕಾಣದ ಪೆಟ್ಟು ಬಿದ್ದಿರಬೇಕೆಂದನು. ಪೇಜ್ ಎಂಬ ಮತ್ತೊಬ್ಬನು ೧೮೮೩ರಲ್ಲಿ, ಬೆನ್ನುಹುರಿಯಲ್ಲೇನೂ ಇಲ್ಲ, ಭಯವೇ ಕಾರಣವೆಂದನು. ರೈಲ್ವೆಯ ವಕೀಲರು ಮಾತ್ರ ಸೋಗೆಂದೇ ವಾದಿಸುತ್ತಿದ್ದರು. ಆಮೇಲೆ ೧೯೧೪ರ ಮಹಾಯುದ್ಧವು ಬಂದಿತು. ಗುಂಡು ತಾಗದ ಯುವಕರು ಮಾತು ನಿಂತು, ಕೈಕಾಲು ನಡುಗಿ ಆಸ್ಪತ್ರೆಗೆ ಬಂದರು. ಮೈಯರ್ಸ್ ಎಂಬ ವೈದ್ಯನು ೧೯೧೫ರಲ್ಲಿ ಇದಕ್ಕೆ ‘ಶೆಲ್ ಶಾಕ್’ ಎಂಬ ಹೆಸರನ್ನು ವೈದ್ಯಪತ್ರಿಕೆಯಲ್ಲಿ ಬಳಸಿದನು. ಆದರೂ ಸೇನೆಯು ಹೇಡಿತನ, ಪಲಾಯನ ಮೊದಲಾದ ಅಪರಾಧಗಳಿಗಾಗಿ ತನ್ನವರನ್ನೇ ಗೋಡೆಗೆ ನಿಲ್ಲಿಸಿ ಗುಂಡಿಕ್ಕಿತು. ಅವರಲ್ಲಿ ಮನಸ್ಸು ಮುರಿದಿದ್ದವರೂ ಇದ್ದರು. ಅಂತಹ ೩೦೬ ಮಂದಿಗೆ ಬ್ರಿಟಿಷ್ ಸರ್ಕಾರವು ಕ್ಷಮೆಯನ್ನು ಕೊಟ್ಟುದು ೨೦೦೬ರಲ್ಲಿ, ಎಂಬತ್ತೆಂಟು ವರ್ಷಗಳಾದ ಮೇಲೆ. ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಗಳ ಪಟ್ಟಿಯಲ್ಲಿ ಈ ವ್ಯಾಧಿಗೆ ಸ್ಥಾನ ಕೊಟ್ಟುದು ೧೯೮೦ರಲ್ಲಿ. ಸೋಗೆಂಬ ಅನುಮಾನವನ್ನೇ ಪ್ರಮಾಣವೆಂದು ಹಿಡಿದವರು ಎಷ್ಟು ದೂರ ಹೋಗಬಲ್ಲರೆಂಬುದಕ್ಕೆ ಇದು ನಿದರ್ಶನ.

ಸೋಗುಗಾರರಿಲ್ಲವೆಂದು ಹೇಳುವುದಿಲ್ಲ. ಬೆನ್ನುನೋವಿನ ಸೋಗು ಹಾಕುವವರಿಲ್ಲವೆ? ಆ ಕಾರಣಕ್ಕೆ ಬೆನ್ನುನೋವೇ ಲೋಕದಲ್ಲಿಲ್ಲವೆಂದು ಯಾರಾದರೂ ಹೇಳಿದರೆ? ಖೋಟಾ ನಾಣ್ಯವಿದೆಯೆಂಬುದೇ ಸರಿಯಾದ ನಾಣ್ಯವಿರುವುದಕ್ಕೆ ಗುರುತು. ಪರೀಕ್ಷಿಸಬೇಕಾದವನು ತಿಳಿದ ವೈದ್ಯ. ಜಗಲಿಯ ಮೇಲೆ ಕುಳಿತ ನೆರೆಯವನಲ್ಲ.

೬

ಈಗ ಭದ್ರಾವತಿಗೆ ಬರೋಣ. ೧೯೨೩ನೆಯ ಇಸವಿಯಲ್ಲಿ ಎರಡು ಕೆಲಸಗಳಾದುವು. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಭದ್ರಾನದಿಯ ದಡದಲ್ಲಿ ಕಟ್ಟಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಬೆಂಕಿ ಬಿದ್ದಿತು. ಅದೇ ವರ್ಷ ಬ್ರಿಟಿಷ್ ಇಂಡಿಯಾದಲ್ಲಿ ಕೆಲಸಗಾರರ ಪರಿಹಾರದ ಕಾಯಿದೆಯಾಯಿತು. ಹೆಸರು ಸ್ವಲ್ಪ ಬದಲಾಗಿ ಈಚಿನವರೆಗೂ ನಡೆದುಬಂದ ಆ ಕಾಯಿದೆಯ ಕೊನೆಯಲ್ಲಿ ಒಂದು ಪಟ್ಟಿಯಿದೆ. ಎರಡು ಕೈಗಳೂ ಹೋದರೆ ದುಡಿಮೆಯ ಶಕ್ತಿ ನೂರಕ್ಕೆ ೧೦೦ ನಷ್ಟ. ಒಂದು ಕಣ್ಣು ಹೋದರೆ ೪೦. ಹೆಬ್ಬೆರಳು ಹೋದರೆ ೩೦. ತೋರುಬೆರಳು ಪೂರ್ತಿ ಹೋದರೆ ೧೪. ಬೆರಳಿನ ಗೆಣ್ಣುಗೆಣ್ಣಿಗೂ ಲೆಕ್ಕವಿದೆ. ಮನಸ್ಸಿಗೆ ಒಂದು ಸಾಲೂ ಇಲ್ಲ.

ಒಂದು ಮನೆಯ ಅಣ್ಣತಮ್ಮಂದಿರಿಬ್ಬರು ಒಂದೇ ಪಾಳಿಯಲ್ಲಿ ಒಂದೇ ಅಪಘಾತಕ್ಕೆ ಸಿಕ್ಕಿದರೆಂದು ಊಹಿಸಿಕೊಳ್ಳಬಹುದು. ಅಣ್ಣನ ಹೆಬ್ಬೆರಳು ಹೋಯಿತು. ಗಾಯ ಮಾದಿತು, ನೂರಕ್ಕೆ ೩೦ರಂತೆ ಪರಿಹಾರ ಬಂದಿತು, ಅವನು ಮತ್ತೆ ಕೆಲಸಕ್ಕೆ ಹೋದನು. ತಮ್ಮನ ಮೈಗೆ ಒಂದು ಗೀರೂ ಆಗಲಿಲ್ಲ. ಆದರೆ ಪಕ್ಕದವನ ಕೂಗು ಅವನ ಕಿವಿಯಿಂದ ಹೋಗಲಿಲ್ಲ. ಪಾಳಿಯ ಸೈರನ್ ಕೂಗಿದರೆ ಬೆವರುತ್ತಾನೆ, ಕಾರ್ಖಾನೆಯ ಬಾಗಿಲ ತನಕ ಹೋಗಿ ತಿರುಗಿ ಬರುತ್ತಾನೆ, ಕುಡಿಯಲಾರಂಭಿಸುತ್ತಾನೆ, ಹೆಂಡತಿಯ ಮೇಲೆ ಕೈಮಾಡುತ್ತಾನೆ. ನಾಲ್ಕು ತಿಂಗಳಿಗೆ ಗೈರುಹಾಜರಿಯೆಂದು ಕೆಲಸ ಹೋಗುತ್ತದೆ. ಇಬ್ಬರಲ್ಲಿ ದುಡಿಮೆಯ ಶಕ್ತಿ ಹೆಚ್ಚಾಗಿ ನಷ್ಟವಾದುದು ಯಾರದು? ಪಟ್ಟಿಯ ಪ್ರಕಾರ ಒಬ್ಬನಿಗೆ ೩೦, ಇನ್ನೊಬ್ಬನಿಗೆ ಸೊನ್ನೆ. ಊರಿನ ಪ್ರಕಾರ ಒಬ್ಬನು ಪಾಪ, ನತದೃಷ್ಟ, ಇನ್ನೊಬ್ಬನು ಕುಡುಕ.

ಆದರೆ ಕಾಯಿದೆಯನ್ನು ಪೂರ್ತಿ ದೂರುವುದೂ ನ್ಯಾಯವಲ್ಲ. ಪಟ್ಟಿಯಲ್ಲಿಲ್ಲದ ಗಾಯವಾದರೆ, ಅದರಿಂದ ದುಡಿಮೆ ಎಷ್ಟು ಕುಂದಿತೆಂಬುದನ್ನು ಅರ್ಹ ವೈದ್ಯನು ಅಳೆದು ಹೇಳಬಹುದೆಂದು ಅದರಲ್ಲಿಯೇ ಅವಕಾಶವಿದೆ. ಬಾಗಿಲಿದೆ, ತಟ್ಟಬೇಕಾದ ಬಡವನಿಗೆ ಅದಿರುವುದೇ ತಿಳಿಯದು. ತಿಳಿಸಬೇಕಾದ ವಿದ್ಯಾವಂತರು ಅವನಿಗೆ ಧೈರ್ಯದ ಉಪದೇಶ ಮಾಡುತ್ತಿದ್ದಾರೆ. ಇನ್ನು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಂತೂ, ಚಿಕಿತ್ಸೆಯ ವಿಷಯದಲ್ಲಿ ಮನೋರೋಗಿಯನ್ನು ದೇಹರೋಗಿಗೆ ಸಮನಾಗಿ ಕಾಣತಕ್ಕದ್ದೆಂದೂ, ವಿಮಾ ಕಂಪನಿಗಳೂ ದೇಹದ ರೋಗಕ್ಕೆ ಕೊಡುವ ಆಧಾರದ ಮೇಲೆಯೇ ಮನಸ್ಸಿನ ರೋಗಕ್ಕೂ ವಿಮೆ ಕೊಡತಕ್ಕದ್ದೆಂದೂ ವಿಧಿಸಿದೆ. ಆತ್ಮಹತ್ಯೆಗೆ ಯತ್ನಿಸಿ ಬದುಕಿದವನು ತೀವ್ರವಾದ ಮನಃಕ್ಲೇಶದಲ್ಲಿದ್ದನೆಂದೇ ಭಾವಿಸಿ ಅವನಿಗೆ ಆರೈಕೆ ಮಾಡಬೇಕು, ದಂಡಿಸಬಾರದೆಂಬುದೂ ಅದರಲ್ಲಿದೆ. ಈ ಕಾಯಿದೆಯು ೨೦೧೮ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಇದನ್ನು ಓದಿದ ಮನೆಗಳೆಷ್ಟು?

ಭದ್ರಾವತಿಯಲ್ಲಿ ಇನ್ನೊಂದು ಬಗೆಯ ಪೆಟ್ಟೂ ಬಿದ್ದಿದೆ. ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯಲ್ಲಿ ೨೦೧೫ರಲ್ಲಿ ಉತ್ಪಾದನೆ ನಿಂತುಹೋಯಿತು. ಕಬ್ಬಿಣದ ಕಾರ್ಖಾನೆಯು ನೂರು ವರ್ಷ ತುಂಬಿದ ೨೦೨೩ರ ಜನವರಿಯಲ್ಲಿಯೇ ಅದನ್ನು ಮುಚ್ಚುವ ನಿರ್ಧಾರವು ಹೊರಬಿದ್ದು ಕಾರ್ಮಿಕರು ಧರಣಿ ಕುಳಿತರು. ಪುನಶ್ಚೇತನದ ಮಾತುಗಳು ಅನಂತರ ನಡೆದುವು. ಅಜ್ಜ, ಮಗ, ಮೊಮ್ಮಗ ಒಂದೇ ಸೈರನ್ನಿಗೆ ಎದ್ದು ಹೊರಡುತ್ತಿದ್ದ ಮನೆಗಳಲ್ಲಿ ಆ ಶಬ್ದವು ನಿಂತುದು ಸಾಮಾನ್ಯ ನಷ್ಟವಲ್ಲ. ವೈದ್ಯರು ಪ್ರಾಣಾಪಾಯದಿಂದಾದುದನ್ನು ಬೇರೆಯಾಗಿಯೂ, ಜೀವನೋಪಾಯ ಹೋದ ದುಃಖವನ್ನು ಬೇರೆಯಾಗಿಯೂ ಎಣಿಸುವರು. ಆ ವಿವೇಚನೆ ಸರಿಯಾದುದೇ. ಎರಡನ್ನೂ ಒಂದೇ ಹೆಸರಿನಿಂದ ಕರೆಯಬೇಕಾಗಿಲ್ಲ. ಎರಡನ್ನೂ ಕೇಳುವ ಕಿವಿಗಳಿದ್ದರೆ ಸಾಕು.

ಇದೇ ಸಂದರ್ಭದಲ್ಲಿ ಎದುರು ಪಕ್ಷದ ಅತಿರೇಕವನ್ನೂ ಹೇಳತಕ್ಕದ್ದು. ಪರೀಕ್ಷೆಯಲ್ಲಿ ನಾಲ್ಕು ಅಂಕ ಕಡಮೆಯಾದುದು, ನೆಂಟರು ಮದುವೆಗೆ ಕರೆಯದಿದ್ದುದು, ಇವಕ್ಕೂ ಈಚೆಗೆ ಕೆಲವರು ‘ಟ್ರಾಮಾ’ ಎಂಬ ದೊಡ್ಡ ಹೆಸರನ್ನಿಡುತ್ತಾರೆ. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಗಾಯವೆಂದೇ ಅರ್ಥ. ಸೊಳ್ಳೆ ಕಚ್ಚಿದುದನ್ನೂ ಗಾಯವೆಂದರೆ, ನಿಜವಾದ ಗಾಯಾಳು ಕೂಗಿದಾಗ ಯಾರೂ ತಿರುಗಿ ನೋಡುವುದಿಲ್ಲ. ಶಬ್ದವನ್ನು ಹಗುರಮಾಡುವವರು, ನೋವನ್ನು ಅಲ್ಲಗಳೆಯುವವರಿಗೆ ತಿಳಿಯದೆಯೇ ಸಹಾಯಮಾಡುತ್ತಿರುವರು.

೭

ಕೊನೆಯ ಪೂರ್ವಪಕ್ಷ: “ನಡೆದುದನ್ನು ಕೆದಕಿದರೆ ಹೆಚ್ಚುತ್ತದೆ, ಮಾತನಾಡದೆ ಬಿಟ್ಟರೆ ತಾನೇ ಮರೆಯುತ್ತದೆ.” ಇದರಲ್ಲಿ ಅರ್ಧ ಸತ್ಯವಿದೆ. ಅಪಘಾತವಾದ ಮರುದಿನವೇ ಎಲ್ಲರನ್ನೂ ಕೂಡಿಸಿ ಬಲವಂತವಾಗಿ ಕಥೆ ಹೇಳಿಸುವುದರಿಂದ ಪ್ರಯೋಜನವಿಲ್ಲವೆಂದು ವೈದ್ಯರೇ ಪರೀಕ್ಷಿಸಿ ಕಂಡುಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರಲ್ಲಿ ಪ್ರಕಟಿಸಿದ ಮನಸ್ಸಿನ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರವು ಮೂರು ಮಾತುಗಳಲ್ಲಿದೆ: ನೋಡು, ಕೇಳು, ಸೇರಿಸು. ಯಾರಿಗೆ ಅಪಾಯವಿದೆಯೆಂದು ನೋಡುವುದು. ಹೇಳುವಷ್ಟನ್ನೇ ಕೇಳುವುದು, ಕೆದಕದಿರುವುದು. ಊಟ, ಆಶ್ರಯ, ಬಂಧುಗಳು, ವೈದ್ಯರು ಇವರೊಡನೆ ಸೇರಿಸುವುದು. ತಿಂಗಳು ಕಳೆದರೂ ಗುಣವಾಗದವರಿಗೆ ತಜ್ಞರು ಕ್ರಮಕ್ರಮವಾಗಿ, ರೋಗಿಯ ಒಪ್ಪಿಗೆಯಿಂದ, ಆ ನೆನಪನ್ನೇ ಎದುರಿಸುವಂತೆ ಮಾಡುವ ಚಿಕಿತ್ಸೆಗಳಿವೆ, ಔಷಧಗಳೂ ಇವೆ. ಮುಳ್ಳನ್ನು ಕಂಡಕಂಡವರು ಚುಚ್ಚಿ ತೆಗೆಯಬಾರದು ನಿಜ. ಆದುದರಿಂದ ಮುಳ್ಳು ಒಳಗೇ ಇರಲೆಂದು ಬಿಡುವುದೆ?

ತಜ್ಞರಿಲ್ಲವೆಂದು ಈ ಜಿಲ್ಲೆಯು ನೆಪ ಹೇಳುವಂತಿಲ್ಲ. ಮನೋವೈದ್ಯರಾದ ಡಾಕ್ಟರ್ ಕೆ. ಎ. ಅಶೋಕ ಪೈಯವರು ಶಿವಮೊಗ್ಗೆಯಲ್ಲಿಯೇ ‘ಮಾನಸ’ ಸಂಸ್ಥೆಯನ್ನು ಕಟ್ಟಿ, ೨೦೧೬ರಲ್ಲಿ ತಾವು ತೀರಿಕೊಳ್ಳುವವರೆಗೂ ಮನಸ್ಸಿನ ರೋಗವು ನಾಚಿಕೆಯ ವಿಷಯವಲ್ಲವೆಂದು ಬರೆದರು, ಭಾಷಣ ಮಾಡಿದರು. ಚಿಕಿತ್ಸಾಲಯಕ್ಕೆ ಬಾರದವರನ್ನು ಚಿತ್ರಮಂದಿರದಲ್ಲಾದರೂ ಹಿಡಿಯಬೇಕೆಂಬಂತೆ, ಬಾಲ್ಯದಲ್ಲಿ ಮನಸ್ಸಿನ ಮೇಲೆ ಬಿದ್ದ ಮುದ್ರೆಯು ದಾಂಪತ್ಯವನ್ನು ಹೇಗೆ ಕೆಡಿಸುವುದೆಂಬುದನ್ನು ತೋರಿಸುವ ‘ಕಾಡಿನ ಬೆಂಕಿ’ಯನ್ನು ೧೯೮೮ರಲ್ಲಿ ನಿರ್ಮಿಸಿದರು. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೇ ಬೆಳೆದು ೧೯೭೪ರಲ್ಲಿ ನಿಮ್ಹಾನ್ಸ್ ಎಂಬ ರಾಷ್ಟ್ರೀಯ ಸಂಸ್ಥೆಯಾಯಿತು. ೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರ್ಕಾರವು ‘ಟೆಲಿ ಮಾನಸ್’ ಎಂಬ ದೂರವಾಣಿಯ ಸೇವೆಯನ್ನು ಆರಂಭಿಸಿತು. ೧೪೪೧೬ ಎಂಬ ಸಂಖ್ಯೆಗೆ ಯಾವ ಹಳ್ಳಿಯಿಂದಲಾದರೂ ಕರೆಮಾಡಿ ಮಾತನಾಡಬಹುದು. ಸಾಧನಗಳಿಗೆ ಕೊರತೆಯಿರಬಹುದು, ಸಾಧನಗಳು ಇಲ್ಲವೆನ್ನುವಂತಿಲ್ಲ. ಕೊರತೆಯಿರುವುದು ಒಪ್ಪಿಗೆಗೆ.

ಆದುದರಿಂದ ಆಗಬೇಕಾದ ಕೆಲಸಗಳು ಮೂರು. ಒಂದು, ಅನಾಹುತದ ಮಹಜರಿನಲ್ಲಿ ಮನಸ್ಸಿಗೆ ಪೆಟ್ಟು ಬಿದ್ದವರಿಗೂ ಒಂದು ಅಂಕಣವಿರಬೇಕು. ಒಂದು ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆಯರು ಸುತ್ತಲ ಊರುಗಳಲ್ಲಿ ಮನೆಮನೆಗೆ ಹೋಗಿ, ನಿದ್ರೆ ಬರುತ್ತಿದೆಯೆ, ಮಕ್ಕಳು ಬೆಚ್ಚುತ್ತಿರುವುವೆ ಎಂಬ ಎರಡು ಪ್ರಶ್ನೆಗಳನ್ನಾದರೂ ಕೇಳಬೇಕು. ಎರಡು, ದುಡಿಯುವವರ ಪರಿಹಾರದ ಪಟ್ಟಿಯಲ್ಲಿ ಹೆಬ್ಬೆರಳಿನ ಪಕ್ಕದಲ್ಲಿ ಮನಸ್ಸಿಗೂ ಒಂದು ಸಾಲನ್ನು ಬರೆಯಬೇಕು. ಅದಾಗುವವರೆಗೆ ಕಾರ್ಮಿಕ ಸಂಘಗಳೂ ವಕೀಲರೂ ಇರುವ ಬಾಗಿಲನ್ನೇ ತಟ್ಟಬೇಕು. ಮೂರು, ಇದಕ್ಕೆ ಸರ್ಕಾರ ಬೇಡ, ಹಣ ಬೇಡ: ವಿದ್ಯಾವಂತರ ಮನೆಗಳಲ್ಲಿ “ಮನಸ್ಸು ಗಟ್ಟಿ ಮಾಡಿಕೊ” ಎಂಬ ಉಪದೇಶವು ನಿಂತು, “ಏನಾಯಿತು, ಹೇಳಬೇಕೆನ್ನಿಸಿದರೆ ಹೇಳು, ಕುಳಿತಿರುವೆನು” ಎಂಬ ಮಾತು ಆರಂಭವಾಗಬೇಕು.

ಹುಣಸೋಡಿನ ಸುತ್ತ ಒಡೆದ ಗಾಜುಗಳನ್ನು ಗುಡಿಸಿ ಹಾಕಿದ್ದಾಯಿತು, ಗೋಡೆಗಳಿಗೆ ಗಾರೆ ಬಿದ್ದಿತು. ದೀಪಾವಳಿಯ ಪಟಾಕಿಯ ಮೊದಲ ಶಬ್ದಕ್ಕೆ ತಾಯಿಯ ಸೆರಗನ್ನು ಬಿಗಿಯಾಗಿ ಹಿಡಿಯುವ ಮಗುವೊಂದು ಆ ಊರುಗಳಲ್ಲೆಲ್ಲಿಯಾದರೂ ಇದ್ದರೆ, ಅದನ್ನು ಅಂಜುಬುರುಕನೆಂದು ನಗುವುದೋ, ಕೈಹಿಡಿದು ಒಳಗೆ ಕರೆದುಕೊಳ್ಳುವುದೋ, ಇಷ್ಟೇ ಪ್ರಶ್ನೆ. ಸುಶ್ರುತಾಚಾರ್ಯನು ಇದಕ್ಕೆ ಉತ್ತರವನ್ನು ಹೇಳಿ ಬಹಳ ಕಾಲವಾಯಿತು. ವಾಚಕರು ವಿಚಾರಿಸಲಿ.